ಪೋರ್ಟ್ ಚೆಕ್ ಟೂಲ್: ಏನೇ ಕೆಟ್ಟರೂ ಎಕ್ಸಿಟ್ ಕೋಡ್ 1. ಬೇರೆ ಬೇರೆ ಮಾಡುವುದು ಹೇಗೆ?

ಪ್ರಶ್ನೆ: ಪೀಣ್ಯ_ಪ್ಯಾಕೆಟ್

ಗೋ ಭಾಷೆಯಲ್ಲಿ ಬರೆದ ಚಿಕ್ಕ ಕಮಾಂಡ್‌ಲೈನ್ ಟೂಲ್ ಒಂದಿದೆ. ಹೋಸ್ಟ್ ಮತ್ತು ಪೋರ್ಟ್ ಕೊಟ್ಟರೆ ಹೆಸರು ರಿಸಾಲ್ವ್ ಮಾಡಿ (ಡಿಎನ್‌ಎಸ್‌ನಲ್ಲಿ ಅದರ ಐಪಿ ವಿಳಾಸ ಹುಡುಕಿ), ಟಿಸಿಪಿ ಕನೆಕ್ಷನ್ ತೆರೆದು, ಬೇಕಿದ್ದರೆ ಟಿಎಲ್‌ಎಸ್ (ಎನ್‌ಕ್ರಿಪ್ಷನ್) ಹ್ಯಾಂಡ್‌ಶೇಕ್ ಮುಗಿಸಿ, ಕೊನೆಗೆ ಎಚ್‌ಟಿಟಿಪಿ ಸ್ಟೇಟಸ್ ನೋಡುತ್ತೆ. ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಶಾಖೆಗಳ ಲಿನಕ್ಸ್ ಮಷಿನ್‌ಗಳಲ್ಲಿ ಕ್ರಾನ್ (ನಿಗದಿತ ವೇಳೆಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಮೂಲಕ ಐದು ನಿಮಿಷಕ್ಕೊಮ್ಮೆ ಓಡುತ್ತೆ. ಡೆವಲಪರ್‌ಗಳ ಮ್ಯಾಕ್‌ನಲ್ಲೂ ಇದೇ ಟೂಲ್.

ತೊಂದರೆ ಇಷ್ಟು: ಎಕ್ಸಿಟ್ ಕೋಡ್, ಅಂದರೆ ಪ್ರೋಗ್ರಾಂ ಮುಗಿಯುವಾಗ ಶೆಲ್‌ಗೆ ಕೊಡುವ ಸಂಖ್ಯೆ (0 ಎಂದರೆ ಸರಿ), ಹೆಸರು ಸಿಗದಿದ್ದರೂ 1, ಕನೆಕ್ಷನ್ ರೆಫ್ಯೂಸ್ ಆದರೂ 1, ಸರ್ಟಿಫಿಕೇಟ್ ಅವಧಿ ಮುಗಿದಿದ್ದರೂ 1. ರಾತ್ರಿ ಪಾಳಿಯವರಿಗೆ ಬರುವ ಅಲರ್ಟ್‌ನಲ್ಲಿ "ಫೇಲ್" ಅಂತ ಮಾತ್ರ ಇರುತ್ತೆ. ಲಿಂಕ್ ಕೊಟ್ಟವರಿಗೆ ಫೋನ್ ಮಾಡಬೇಕೋ, ಸರ್ವರ್ ಟೀಮನ್ನು ಎಬ್ಬಿಸಬೇಕೋ ಗೊತ್ತಾಗಲ್ಲ. ಲಾಗ್ ಸಾಲನ್ನು ಗ್ರೆಪ್ ಮಾಡುವ (ಪಠ್ಯ ಹುಡುಕುವ) ಸ್ಕ್ರಿಪ್ಟ್ ಇದೆ, ಆದರೆ ಗೋ ವರ್ಷನ್ ಬದಲಾಗಿ ಮೆಸೇಜ್ ಸ್ವಲ್ಪ ಬೇರೆಯಾದರೂ ಅದು ಕೈಕೊಡುತ್ತೆ.

ದೋಷ ಬಂದಾಗ ಸಿಸ್ಟಂ ಕೊಡುವ ಎರ್‌ನೋ ಸಂಖ್ಯೆಯನ್ನೇ ಎಕ್ಸಿಟ್ ಕೋಡ್ ಆಗಿ ಕೊಡಬಹುದಾ? ಎಚ್‌ಟಿಟಿಪಿ 404, 503 ಬಂದಾಗ ಆ ಸಂಖ್ಯೆಯನ್ನೇ ಕೊಟ್ಟರೆ ಹೇಗೆ? ಒಟ್ಟು ಎಷ್ಟು ಕೋಡ್ ಇಟ್ಟರೆ ಸಾಕು?

ಉತ್ತರ: ಬಸವನಗುಡಿ_ಬೈಟ್

ಎರ್‌ನೋ ಬೇಡ. ಅದರ ಸಂಖ್ಯೆಗಳು ಆಪರೇಟಿಂಗ್ ಸಿಸ್ಟಂಗೆ ತಕ್ಕಂತೆ ಬದಲಾಗುತ್ತವೆ. ಕನೆಕ್ಷನ್ ರೆಫ್ಯೂಸ್ಡ್ ಲಿನಕ್ಸ್‌ನಲ್ಲಿ 111, ಮ್ಯಾಕ್‌ನಲ್ಲಿ 61. ಟೈಮ್‌ಔಟ್ 110 ಮತ್ತು 60. ಹೋಸ್ಟ್ ಅನ್‌ರೀಚಬಲ್ 113 ಮತ್ತು 65. ನಿಮ್ಮ ಟೂಲ್ ಎರಡರಲ್ಲೂ ಓಡುವುದರಿಂದ ಒಂದೇ ದೋಷಕ್ಕೆ ಎರಡು ಕೋಡ್ ಬಂದುಬಿಡುತ್ತೆ. ಡಿಎನ್‌ಎಸ್ ದೋಷಗಳಂತೂ ಎರ್‌ನೋ ಒಳಗೆ ಇಲ್ಲವೇ ಇಲ್ಲ. ಸಿ ಭಾಷೆಯಲ್ಲಿ ಹೆಸರು ಹುಡುಕುವ ಗೆಟ್‌ಆಡರ್‌ಇನ್ಫೋಗೆ ತನ್ನದೇ ಬೇರೆ ಸಾಲು ಇದೆ, ಜಿಲಿಬ್‌ಸಿಯಲ್ಲಿ (ಲಿನಕ್ಸ್‌ನ ಸಿ ಲೈಬ್ರರಿ) ಅವೆಲ್ಲ ನೆಗೆಟಿವ್: ಹೆಸರು ಸಿಗದಿದ್ದರೆ -2, ಸದ್ಯಕ್ಕೆ ಉತ್ತರವಿಲ್ಲ ಎಂದರೆ -3. ಎಕ್ಸಿಟ್‌ಗೆ -2 ಕೊಟ್ಟರೆ ಶೆಲ್‌ಗೆ ಕಾಣುವುದು 254.

ಎಚ್‌ಟಿಟಿಪಿ ಸ್ಟೇಟಸ್ ಕೊಡುವುದೂ ಇದೇ ಕಾರಣಕ್ಕೆ ಆಗಲ್ಲ. ಎಕ್ಸಿಟ್ ಸ್ಟೇಟಸ್‌ನಲ್ಲಿ ತಂದೆ ಪ್ರೋಸೆಸ್‌ಗೆ ತಲುಪುವುದು ಕೆಳಗಿನ 8 ಬಿಟ್ ಮಾತ್ರ. 404 ಕೊಟ್ಟರೆ 148 ಆಗುತ್ತೆ, 503 ಕೊಟ್ಟರೆ 247. 256ರ ಗುಣಕ ಯಾವುದಾದರೂ ಬಂದರೆ 0, ಅಂದರೆ ಕೆಟ್ಟಿದ್ದರೂ "ಎಲ್ಲ ಸರಿ" ಎಂಬ ವರದಿ. ಜತೆಗೆ 128ರ ಮೇಲಿನದನ್ನು ಶೆಲ್ ಬಲ್ಲವರು ಸಿಗ್ನಲ್ ಅಂತಲೇ ಓದುತ್ತಾರೆ: 130 ಕಂಡರೆ ಕಂಟ್ರೋಲ್-ಸಿ, 137 ಕಂಡರೆ ಕಿಲ್ ಮೈನಸ್ 9. 126 ಮತ್ತು 127 ಶೆಲ್‌ನದ್ದು, 124 ಮತ್ತು 125 ಟೈಮ್‌ಔಟ್ ಕಮಾಂಡಿನದ್ದು, 255 ಎಸ್‌ಎಸ್‌ಎಚ್ ತನ್ನದೇ ದೋಷಕ್ಕೆ ಇಟ್ಟುಕೊಂಡಿದೆ. ನಿಮ್ಮ ಟೂಲನ್ನು ಯಾರಾದರೂ ಎಸ್‌ಎಸ್‌ಎಚ್ ಮೂಲಕವೇ ಓಡಿಸುತ್ತಾರೆ, ಆಗ 255 ಯಾರ ಮಾತು ಅಂತ ತಿಳಿಯಲ್ಲ. 3ರಿಂದ 120ರ ಒಳಗೆ ಇದ್ದುಬಿಡಿ.

ಎಷ್ಟು ಕೋಡ್ ಅನ್ನುವುದಕ್ಕೆ ನನ್ನ ಅಳತೆ ಒಂದೇ. ಅಲರ್ಟ್ ನೋಡಿದವರು ಮುಂದೆ ಮಾಡುವ ಕೆಲಸ ಬೇರೆಯಾಗುವುದಾದರೆ ಮಾತ್ರ ಬೇರೆ ಕೋಡ್. ರೆಫ್ಯೂಸ್ಡ್ ಎಂದರೆ ಆ ಕಡೆಯಿಂದ ಆರ್‌ಎಸ್‌ಟಿ (ಕನೆಕ್ಷನ್ ಬೇಡವೆನ್ನುವ ಪ್ಯಾಕೆಟ್) ವಾಪಸ್ ಬಂದಿದೆ. ಬಹುಪಾಲು ದಾರಿ ಸರಿ ಇದೆ, ಮಷಿನ್ ಎದ್ದಿದೆ, ಸರ್ವಿಸ್ ಬಿದ್ದಿದೆ, ಸರ್ವರ್ ಟೀಮಿಗೆ ಕರೆ ಹೋಗಬೇಕು. ಟೈಮ್‌ಔಟ್ ಎಂದರೆ ಕನೆಕ್ಷನ್ ಕೇಳುವ ಸಿನ್ ಪ್ಯಾಕೆಟ್‌ಗೆ ಉತ್ತರವೇ ಇಲ್ಲ: ಫೈರ್‌ವಾಲ್ ಡ್ರಾಪ್ ಮಾಡುತ್ತಿರಬಹುದು, ಮಷಿನ್ ಆಫ್ ಇರಬಹುದು, ಲಿಂಕ್ ಹೋಗಿರಬಹುದು. ಇಲ್ಲಿ ಮೊದಲು ನೆಟ್‌ವರ್ಕ್‌ನವರು. ಈ ಎರಡನ್ನು ಒಂದೇ ಕೋಡಿಗೆ ತುಂಬಿದರೆ ಇಡೀ ಕೆಲಸವೇ ವ್ಯರ್ಥ. ಆದರೆ ಸರ್ಟಿಫಿಕೇಟ್ ಅವಧಿ ಮುಗಿದದ್ದು, ಹೆಸರು ಹೊಂದದ್ದು, ಕೊಟ್ಟವರು ಯಾರೆಂದು ಗೊತ್ತಿಲ್ಲದ್ದು, ಈ ಮೂರಕ್ಕೂ ಕರೆ ಹೋಗುವುದು ಒಬ್ಬರಿಗೇ. ಒಂದು ಕೋಡ್ ಸಾಕು, ವಿವರ ಸ್ಟ್ಯಾಂಡರ್ಡ್ ಎರರ್‌ನಲ್ಲಿ ಬರಲಿ.

ಮಾದರಿ ಬೇಕಿದ್ದರೆ ವೆಬ್ ವಿಳಾಸದಿಂದ ಮಾಹಿತಿ ತರುವ ಕರ್ಲ್ ನೋಡಿ. 6 ಹೆಸರು ಸಿಗಲಿಲ್ಲ, 7 ಕನೆಕ್ಟ್ ಆಗಲಿಲ್ಲ, 28 ಟೈಮ್‌ಔಟ್, 35 ಟಿಎಲ್‌ಎಸ್ ಹ್ಯಾಂಡ್‌ಶೇಕ್ ಮುರಿಯಿತು, 60 ಸರ್ಟಿಫಿಕೇಟ್ ನಂಬಲಾಗದು. ಅಂಥದ್ದೇ ಟೂಲ್ ವಿಗೆಟ್‌ನ ಪಟ್ಟಿ ಇನ್ನೂ ಚಿಕ್ಕದು: 4 ನೆಟ್‌ವರ್ಕ್, 5 ಸರ್ಟಿಫಿಕೇಟ್, 8 ಸರ್ವರ್ ದೋಷದ ಉತ್ತರ ಕೊಟ್ಟಿದೆ. ನಿಮ್ಮಂಥ ಟೂಲಿಗೆ ವಿಗೆಟ್‌ನಷ್ಟು ಕಡಿಮೆಯಾದರೆ ಕೊರತೆ, ಕರ್ಲ್‌ನಷ್ಟಾದರೆ ಅತಿ. ಎಂಟು ಹತ್ತು ಸಾಕು.

ಉತ್ತರ: ರೂಟ್_ರಾಜಾಜಿನಗರ

ಮೇಲಿನವರ ಮಾತಿಗೆ ಬಹುಮಟ್ಟಿಗೆ ಒಪ್ಪಿಗೆ. 3, 4, 5 ಅಂತ ಸಾಲಾಗಿ ಹಚ್ಚುವುದಕ್ಕೆ ಮಾತ್ರ ನನ್ನ ತಕರಾರಿದೆ. ಆರು ತಿಂಗಳಿಗೆ ಹೊಸ ಕೋಡ್ ಸೇರಿಸಬೇಕಾದಾಗ ಡಿಎನ್‌ಎಸ್ ಕೋಡ್ ಒಂದು ಟಿಎಲ್‌ಎಸ್ ಆದ ಮೇಲೆ ಬಂದು ಕೂರುತ್ತೆ. ಹತ್ತರ ಗುಂಪು ಮಾಡಿ: 20ರ ಗುಂಪು ಡಿಎನ್‌ಎಸ್, 30ರದ್ದು ಕನೆಕ್ಷನ್, 40ರದ್ದು ಟಿಎಲ್‌ಎಸ್, 50ರದ್ದು ಎಚ್‌ಟಿಟಿಪಿ. ಅಲರ್ಟ್ ಸ್ಕ್ರಿಪ್ಟ್ ಕೋಡನ್ನು ಹತ್ತರಿಂದ ಭಾಗಿಸಿದರೆ ಯಾವ ಹಂತದಲ್ಲಿ ನಿಂತಿತು ಅಂತ ಸಿಗುತ್ತೆ. ನಾಳೆ 33 ಹೊಸದಾಗಿ ಬಂದರೂ ಹಳೆಯ ಸ್ಕ್ರಿಪ್ಟ್ ಅದನ್ನು ಕನೆಕ್ಷನ್ ದೋಷ ಅಂತಲೇ ಓದುತ್ತೆ.

ಸಿಸ್‌ಎಗ್ಸಿಟ್ಸ್ ಹೆಡರ್‌ನ 64ರಿಂದ 78ರ ಎಕ್ಸಿಟ್ ಕೋಡ್ ಸಾಲನ್ನು ಯಾರಾದರೂ ಸೂಚಿಸಿಯಾರು. ಅಲ್ಲಿ 68 ಹೋಸ್ಟ್ ಗೊತ್ತಿಲ್ಲ, 69 ಸರ್ವಿಸ್ ಲಭ್ಯವಿಲ್ಲ, 75 ತಾತ್ಕಾಲಿಕ ದೋಷ, 76 ಪ್ರೋಟೋಕಾಲ್. ಮೇಲ್ ಕಳಿಸುವ ಪ್ರೋಗ್ರಾಂಗಳಿಗೆ ಅದು ಹೊಂದುತ್ತೆ. ರೆಫ್ಯೂಸ್ಡ್ ಮತ್ತು ಟೈಮ್‌ಔಟ್ ಬೇರೆ ಮಾಡಲು ಅದರಲ್ಲಿ ಜಾಗವೇ ಇಲ್ಲ, ನಿಮಗೆ ಬೇಕಿರುವುದೇ ಅದು. ಅಲ್ಲಿಂದ 64 ಒಂದನ್ನು, ಅಂದರೆ ಕಮಾಂಡ್ ತಪ್ಪಾಗಿ ಬರೆದದ್ದಕ್ಕೆ ಇರುವ ಕೋಡನ್ನು, ತೆಗೆದುಕೊಳ್ಳಿ. ಕಾರಣ ಗೋದಲ್ಲೇ ಇದೆ. ಫ್ಲ್ಯಾಗ್ ಪ್ಯಾಕೇಜ್ ತಪ್ಪು ಆಪ್ಷನ್ ಕಂಡರೆ 2 ಕೊಟ್ಟು ಹೊರಬರುತ್ತೆ, ಪ್ರೋಗ್ರಾಂ ಪ್ಯಾನಿಕ್ ಆದರೂ (ಬಗ್‌ನಿಂದ ಮುರಿದುಬಿದ್ದರೂ) 2 ಕೊಡುತ್ತೆ. ಕ್ರಾನ್ ಸಾಲಿನಲ್ಲಿ ಅಕ್ಷರ ತಪ್ಪಿದ್ದಕ್ಕೂ ನಿಮ್ಮ ಕೋಡಿನ ಬಗ್‌ಗೂ ವ್ಯತ್ಯಾಸ ಕಾಣಲ್ಲ. ಫ್ಲ್ಯಾಗ್‌ಸೆಟ್ ಅನ್ನು ಕಂಟಿನ್ಯೂಆನ್‌ಎರರ್ ಎಂದು ತೆರೆದು, ದೋಷ ಬಂದರೆ ನೀವೇ 64 ಕೊಡಿ. 2 ಪ್ಯಾನಿಕ್‌ಗೆ ಉಳಿಯಲಿ.

ದೋಷವನ್ನು ವಿಂಗಡಿಸುವಾಗ ಪಠ್ಯ ಹೋಲಿಸಬೇಡಿ, ಎರರ್‌ನ ಬಗೆ ನೋಡುವ ಎರರ್ಸ್.ಆಸ್ ಮತ್ತು ಎರರ್ಸ್.ಇಸ್ ಬಳಸಿ. ಇವು ಗೋ 1.13ರಿಂದ ಇವೆ. ಅದರಲ್ಲೂ ಅನುಕ್ರಮ ಮುಖ್ಯ, ಬಹಳ ಜನ ಎಡವುವುದು ಇಲ್ಲೇ. ಡಿಎನ್‌ಎಸ್‌ಎರರ್ ಟೈಪಿಗೂ ಟೈಮ್‌ಔಟ್ ಮೆಥಡ್ ಇದೆ. ಮೊದಲೇ "ಟೈಮ್‌ಔಟ್ ಆಯಿತಾ" ಅಂತ ಕೇಳಿದರೆ ರಿಸಾಲ್ವರ್ ಸತ್ತಿರುವುದೂ ಟಿಸಿಪಿ ಟೈಮ್‌ಔಟ್ ಆಗಿ ಕೂತುಬಿಡುತ್ತೆ. ಮೊದಲು ಡಿಎನ್‌ಎಸ್‌ಎರರ್ ಹೌದೇ ನೋಡಿ. ಅದರೊಳಗೆ ಇಸ್‌ನಾಟ್‌ಫೌಂಡ್ ನಿಜವಾದರೆ 20, ಉಳಿದದ್ದು 21. ಆಮೇಲೆ ಸರ್ಟಿಫಿಕೇಟ್ ದೋಷ, 40 (ಗೋ 1.20ರಿಂದ ಸರ್ಟಿಫಿಕೇಟ್‌ವೆರಿಫಿಕೇಷನ್‌ಎರರ್ ಒಂದನ್ನೇ ನೋಡಿದರೆ ಸಾಕು), ಆಮೇಲೆ ರೆಫ್ಯೂಸ್ಡ್ (30), ಅನ್‌ರೀಚಬಲ್ (32), ಕೊನೆಗೆ ಸಾಮಾನ್ಯ ಟೈಮ್‌ಔಟ್ (31). ಯಾವುದಕ್ಕೂ ಸಿಗದಿದ್ದರೆ 1. ದಿನವೂ 1 ಬರುತ್ತಿದ್ದರೆ ವಿಂಗಡಣೆಯಲ್ಲಿ ಒಂದು ಬಿಟ್ಟುಹೋಗಿದೆ ಎಂದರ್ಥ.

ಓಎಸ್.ಎಕ್ಸಿಟ್ ಕರೆದರೆ ಡಿಫರ್ (ಕೊನೆಗೆ ಮಾಡಬೇಕೆಂದು ಇಟ್ಟ ಕೆಲಸ) ಓಡಲ್ಲ. ಹಾಗಾಗಿ ಕೆಲಸವೆಲ್ಲ ಇಂಟ್ ಹಿಂತಿರುಗಿಸುವ ಒಂದು ರನ್ ಫಂಕ್ಷನ್‌ನಲ್ಲಿರಲಿ, ಮೇನ್‌ನಲ್ಲಿ ಓಎಸ್.ಎಕ್ಸಿಟ್ ಒಂದೇ ಸಾಲು ಇರಲಿ. ಒಳಗೆಲ್ಲೂ ಲಾಗ್.ಫೇಟಲ್ ಬೇಡ, ಅದು ಯಾವಾಗಲೂ 1 ಕೊಡುತ್ತೆ.

ಎಚ್‌ಟಿಟಿಪಿ ಬಗ್ಗೆ: ಕರ್ಲ್ 404 ಬಂದರೂ 0 ಕೊಡುತ್ತೆ, --ಫೇಲ್ ಹಾಕಿದರೆ 22. ಡಿಎನ್‌ಎಸ್ ಕೇಳುವ ಡಿಗ್ ಕೂಡ ಹಾಗೇ, ಹೆಸರೇ ಇಲ್ಲ ಅಂತ ಉತ್ತರ ಬಂದರೂ 0, ಸರ್ವರ್ ಉತ್ತರಿಸದಿದ್ದರೆ 9. ಅವು ತರುವ ಟೂಲ್‌ಗಳು, ಉತ್ತರ ತಂದರೆ ಅವುಗಳ ಕೆಲಸ ಮುಗಿಯಿತು. ನಿಮ್ಮದು ಪರೀಕ್ಷಿಸುವ ಟೂಲ್, ಆದ್ದರಿಂದ 4 ಸರಣಿಗೆ 50, 5 ಸರಣಿಗೆ 51 ಕೊಡಿ. ಲಾಗಿನ್ ಬೇಡುವ ಸರ್ವಿಸ್‌ಗೆ 401 ಬರುವುದೇ ಸರಿಯಾದ ಉತ್ತರ. ನಿರೀಕ್ಷಿತ ಸ್ಟೇಟಸ್ ಹೇಳಲು ಒಂದು ಆಪ್ಷನ್ ಇಡಿ.

ಪೀಣ್ಯ_ಪ್ಯಾಕೆಟ್

ಇಬ್ಬರಿಗೂ ಧನ್ಯವಾದ, ಹತ್ತರ ಗುಂಪು ತುಂಬ ಹಿಡಿಸಿತು. ಇನ್ನೆರಡು ಸಂಶಯ. ಒಂದೇ ಹೆಸರಿಗೆ ಐಪಿವಿ6, ಐಪಿವಿ4 ಎರಡೂ ವಿಳಾಸ ಇದ್ದು, ಮೊದಲನೆಯದು "ನೆಟ್‌ವರ್ಕ್ ಅನ್‌ರೀಚಬಲ್", ಎರಡನೆಯದು ರೆಫ್ಯೂಸ್ಡ್ ಆದರೆ ಯಾವ ಕೋಡ್ ಕೊಡುವುದು? ಮತ್ತೆ, ಒಂದು ಶಾಖೆಯಲ್ಲಿ ಅದೇ ನೆಟ್‌ವರ್ಕಿನ ಪಕ್ಕದ ಮಷಿನ್‌ಗೆ "ನೋ ರೂಟ್ ಟು ಹೋಸ್ಟ್" ಬರುತ್ತಿದೆ, ಪಿಂಗ್ ಮಾತ್ರ ಆಗುತ್ತಿದೆ. ಅದನ್ನು ಅನ್‌ರೀಚಬಲ್ ಅನ್ನಬೇಕಾ?

ಉತ್ತರ: ಜಯನಗರ_4ನೇ_ಬ್ಲಾಕ್

ಎರಡನೆಯದರಿಂದ ಶುರು ಮಾಡುತ್ತೇನೆ. ಪಿಂಗ್ ಆಗಿ ಟಿಸಿಪಿಗೆ ಮಾತ್ರ "ನೋ ರೂಟ್" ಬಂದರೆ ರೂಟಿಂಗ್ ಟೇಬಲ್ ಕೆದಕಬೇಡಿ, ಆ ಮಷಿನ್‌ನ ಫೈರ್‌ವಾಲ್ ನೋಡಿ. ಲಿನಕ್ಸ್ ಫೈರ್‌ವಾಲ್ ಐಪಿಟೇಬಲ್ಸ್‌ನ ರಿಜೆಕ್ಟ್ ನಿಯಮ "ಹೋಸ್ಟ್ ಪ್ರೊಹಿಬಿಟೆಡ್" ಐಸಿಎಂಪಿ (ನೆಟ್‌ವರ್ಕ್ ದೋಷ ತಿಳಿಸುವ ಸಂದೇಶ) ಕಳಿಸಿದರೆ ಲಿನಕ್ಸ್ ಅದನ್ನು 113 ಆಗಿಯೇ ಪ್ರೋಗ್ರಾಂಗೆ ಕೊಡುತ್ತೆ. ರಿಜೆಕ್ಟ್‌ಗೆ ಏನೂ ಹೇಳದೆ ಬಿಟ್ಟರೆ ಪೋರ್ಟ್ ಅನ್‌ರೀಚಬಲ್ ಹೋಗುತ್ತೆ, ಅದು ಪ್ರೋಗ್ರಾಂಗೆ ರೆಫ್ಯೂಸ್ಡ್ ಆಗಿ ಕಾಣುತ್ತೆ. ಡ್ರಾಪ್ ಆದರೆ ಟೈಮ್‌ಔಟ್. ಒಂದೇ ಫೈರ್‌ವಾಲ್ ಮೂರು ಮುಖ ತೋರಿಸಬಲ್ಲದು. ಹಾಗಾಗಿ ಕೋಡಿಗೆ ಕಾರಣದ ಹೆಸರಿಡಬೇಡಿ, ಕಂಡದ್ದರ ಹೆಸರಿಡಿ: "32: ಅನ್‌ರೀಚಬಲ್ ಎಂಬ ಉತ್ತರ ಬಂತು" ಅಂತ. "32: ರೂಟಿಂಗ್ ಕೆಟ್ಟಿದೆ" ಅಂತ ಹೆಲ್ಪ್‌ನಲ್ಲಿ ಬರೆದರೆ ರಾತ್ರಿ ಪಾಳಿಯವರು ಸುಳ್ಳು ದಾರಿ ಹಿಡಿಯುತ್ತಾರೆ.

ಹಲವು ವಿಳಾಸಗಳ ವಿಷಯ: ಗೋ ಲೈಬ್ರರಿಗೆ ಹೆಸರನ್ನೇ ಕೊಟ್ಟು ಡಯಲ್ ಮಾಡಿದರೆ, ಎಲ್ಲ ವಿಳಾಸ ಸೋತಾಗ ಒಂದೇ ಎರರ್ ಕೈಗೆ ಬರುತ್ತೆ, ಉಳಿದವು ಹೋಗುತ್ತವೆ. ಪರೀಕ್ಷಿಸುವ ಟೂಲಿಗೆ ಅದು ಸಾಲದು. ಹೆಸರನ್ನು ನೀವೇ ಲುಕಪ್ ಮಾಡಿ, ಒಂದೊಂದೇ ವಿಳಾಸಕ್ಕೆ ಡಯಲ್ ಮಾಡಿ. ಕೋಡ್ ಕೊಡುವಾಗ ಅತಿ ದೂರ ತಲುಪಿದ ಪ್ರಯತ್ನದ್ದನ್ನು ಕೊಡಿ: ಟಿಎಲ್‌ಎಸ್‌ವರೆಗೆ ಹೋದದ್ದು ರೆಫ್ಯೂಸ್ಡ್‌ಗಿಂತ ಮೇಲು, ರೆಫ್ಯೂಸ್ಡ್ ಟೈಮ್‌ಔಟ್‌ಗಿಂತ ಮೇಲು, ಅನ್‌ರೀಚಬಲ್ ಕೊನೆ. ಐಪಿವಿ6 ಇಲ್ಲದ ಶಾಖೆಯಲ್ಲಿ "ನೆಟ್‌ವರ್ಕ್ ಅನ್‌ರೀಚಬಲ್" ಬರುವುದು ಸಹಜ, ಅದು ನಿಜವಾದ ದೋಷವನ್ನು ಮುಚ್ಚಬಾರದು. ನಿಮ್ಮ ಉದಾಹರಣೆಗೆ ಉತ್ತರ ರೆಫ್ಯೂಸ್ಡ್, ಅಂದರೆ 30. ಸ್ಟ್ಯಾಂಡರ್ಡ್ ಎರರ್‌ನಲ್ಲಿ ಪ್ರತಿ ವಿಳಾಸಕ್ಕೂ ಒಂದೊಂದು ಸಾಲು ಬರಲಿ, ಹಂತ, ವಿಳಾಸ, ಕಾರಣ, ಹಿಡಿದ ಸಮಯ ಸಮೇತ:

ಪೋರ್ಟ್‌ಚೆಕ್: ಕನೆಕ್ಟ್ [2001:0ಡಿಬಿ8::15]:5432: ನೆಟ್‌ವರ್ಕ್ ಅನ್‌ರೀಚಬಲ್, 0 ಮಿಸೆ
ಪೋರ್ಟ್‌ಚೆಕ್: ಕನೆಕ್ಟ್ 10.20.4.15:5432: ಕನೆಕ್ಷನ್ ರೆಫ್ಯೂಸ್ಡ್, 13 ಮಿಸೆ

ಆ ಮಿಲಿಸೆಕೆಂಡು ಬಿಡಬೇಡಿ. ನಗರದಾಚೆಯ ಡೇಟಾ ಸೆಂಟರ್‌ನ ರೆಫ್ಯೂಸ್ಡ್ 0 ಮಿಲಿಸೆಕೆಂಡಿಗೆ ಬಂತು ಎಂದರೆ ಅದನ್ನು ಕಳಿಸಿದ್ದು ಹತ್ತಿರದ ಯಾವುದೋ ಪೆಟ್ಟಿಗೆ, ಆ ಸರ್ವರ್ ಅಲ್ಲ.

ಟೈಮ್‌ಔಟ್ ಕೂಡ ನೀವೇ ಇಡಿ. ಲಿನಕ್ಸ್‌ಗೆ ಬಿಟ್ಟರೆ ಸಿನ್ ಮತ್ತೆ ಮತ್ತೆ ಕಳಿಸುತ್ತ 127 ಸೆಕೆಂಡಿನವರೆಗೂ ಎಳೆಯಬಲ್ಲದು (1+2+4+8+16+32+64). ಜಿಲಿಬ್‌ಸಿಯ ರಿಸಾಲ್ವರ್ ಒಂದು ಸತ್ತ ನೇಮ್‌ಸರ್ವರ್‌ಗೆ 5 ಸೆಕೆಂಡಿನಂತೆ 2 ಸಲ ಕಾಯುತ್ತೆ. ಡಿಎನ್‌ಎಸ್‌ಗೂ ಕನೆಕ್ಟ್‌ಗೂ ಸೇರಿ ಒಂದೇ 5 ಸೆಕೆಂಡ್ ಗಡುವು ಇಟ್ಟರೆ, ನಿಧಾನವಾದ ಡಿಎನ್‌ಎಸ್ 4 ಸೆಕೆಂಡು ತಿಂದು ದೋಷ ಕನೆಕ್ಟ್ ತಲೆಗೆ ಬರುತ್ತೆ. ಹಂತಕ್ಕೊಂದು ಗಡುವು ಇರಲಿ.

ಟೂಲ್ ಸರಿ ಕೋಡ್ ಕೊಟ್ಟರೂ ಶೆಲ್‌ನಲ್ಲಿ ಕಳೆದುಹೋಗುವ ಜಾಗಗಳಿವೆ. ಔಟ್‌ಪುಟನ್ನು ಪೈಪ್ ಮೂಲಕ ಟೀ ಕಮಾಂಡ್‌ಗೆ ಕೊಟ್ಟರೆ $? (ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್) ಹೇಳುವುದು ಟೀಯ ಸ್ಥಿತಿ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಹಾಕಿ ಅಥವಾ ಪೈಪ್‌ಸ್ಟೇಟಸ್ ನೋಡಿ. ಇಫ್ ಜತೆ ! ಹಾಕಿ ಟೂಲ್ ಕರೆದು, ಒಳಗೆ $? ನೋಡಿದರೆ ಸದಾ 0, ಏಕೆಂದರೆ ! ಅದನ್ನು ತಿರುಗಿಸಿಬಿಟ್ಟಿರುತ್ತೆ. ಫಂಕ್ಷನ್ ಒಳಗೆ ಲೋಕಲ್ ಜತೆಗೇ ಅದೇ ಸಾಲಿನಲ್ಲಿ ಔಟ್‌ಪುಟ್ ಹಿಡಿದರೆ ಸಿಗುವುದು ಲೋಕಲ್‌ನ 0. ಲೋಕಲ್ ಒಂದು ಸಾಲು, ಬೆಲೆ ಕೊಡುವುದು ಇನ್ನೊಂದು ಸಾಲು ಮಾಡಿ. ಟೂಲ್ ಓಡಿದ ಮರುಸಾಲಿನಲ್ಲೇ ಕೋಡನ್ನು ಒಂದು ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ.

ಉತ್ತರ: ಬಸವನಗುಡಿ_ಬೈಟ್

ಟೆಸ್ಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪ್ರತಿ ಕೋಡನ್ನೂ ಬೇಕೆಂದೇ ಬರಿಸಬಹುದು. 20ಕ್ಕೆ .ಇನ್ವ್ಯಾಲಿಡ್ ಎಂದು ಕೊನೆಯಾಗುವ ಯಾವ ಹೆಸರಾದರೂ ಸರಿ, ಅದು ಇಂಟರ್‌ನೆಟ್ ನಿಯಮದ ದಾಖಲೆ ಆರ್‌ಎಫ್‌ಸಿ 2606ರಲ್ಲಿ ಇದಕ್ಕೆಂದೇ ಕಾಯ್ದಿಟ್ಟದ್ದು. 30ಕ್ಕೆ 127.0.0.1ರಲ್ಲಿ ಯಾರೂ ಕೇಳದ ಪೋರ್ಟ್. 31, 32ಕ್ಕೆ ಟೆಸ್ಟ್ ಮಷಿನ್‌ನ ಇನ್‌ಪುಟ್ ಚೈನ್‌ನಲ್ಲಿ ಒಂದು ಪೋರ್ಟ್‌ಗೆ ಡ್ರಾಪ್, ಇನ್ನೊಂದಕ್ಕೆ ಹೋಸ್ಟ್ ಪ್ರೊಹಿಬಿಟೆಡ್ ರಿಜೆಕ್ಟ್. ಉದಾಹರಣೆಗಳಿಗೆಂದು ಕಾಯ್ದಿಟ್ಟ 192.0.2.1ಕ್ಕೆ ಕನೆಕ್ಟ್ ಮಾಡಿ ಟೈಮ್‌ಔಟ್ ಪರೀಕ್ಷಿಸುವವರಿದ್ದಾರೆ, ಆದರೆ ಕೆಲವು ರೂಟರ್‌ಗಳು ಅದಕ್ಕೆ ಅನ್‌ರೀಚಬಲ್ ಕಳಿಸುತ್ತವೆ, ಟೆಸ್ಟ್ ಒಂದು ಆಫೀಸಿನಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲ್ ಆಗುತ್ತೆ. 40ಕ್ಕೆ ಸೆಲ್ಫ್ ಸೈನ್ಡ್ (ತಾನೇ ಸಹಿ ಮಾಡಿದ) ಸರ್ಟಿಫಿಕೇಟ್ ಇಟ್ಟ ಲೋಕಲ್ ಸರ್ವರ್ ಸಾಕು.

ಕೋಡ್ ಪಟ್ಟಿ --ಹೆಲ್ಪ್‌ನಲ್ಲೂ ಮ್ಯಾನ್ ಪೇಜ್‌ನಲ್ಲೂ ಇರಲಿ. ಒಮ್ಮೆ ಬಿಡುಗಡೆ ಮಾಡಿದ ಸಂಖ್ಯೆಗೆ ಬೇರೆ ಕೆಲಸ ಕೊಡಬೇಡಿ. ಬೇಡವಾದರೆ ಖಾಲಿ ಬಿಡಿ, ಕರ್ಲ್ ಕೂಡ ಬಳಕೆ ತಪ್ಪಿದ ಸಂಖ್ಯೆಗಳನ್ನು ಹಾಗೇ ಖಾಲಿ ಇಟ್ಟಿದೆ. ಮಾನಿಟರಿಂಗ್‌ಗೆ ನಾಗಿಯೋಸ್ ಬಳಸುತ್ತಿದ್ದರೆ ಈ ಕೋಡ್‌ಗಳನ್ನು ನೇರ ಕೊಡಬೇಡಿ. ಅಲ್ಲಿ 0 ಸರಿ, 1 ಎಚ್ಚರಿಕೆ, 2 ಗಂಭೀರ, 3 ತಿಳಿಯದು, ಅಷ್ಟೇ. ನಡುವೆ ಒಂದು ಚಿಕ್ಕ ಸ್ಕ್ರಿಪ್ಟ್ ಇಟ್ಟು 20ರಿಂದ 59ರವರೆಗಿನದನ್ನು 2 ಮಾಡಿ, 1, 2 ಮತ್ತು 64 ಬಂದರೆ 3 ಮಾಡಿ.