ಮಾರ್ಲಿನ್ ಮೀನಿನ ಟೂರ್ನಮೆಂಟ್ ಮತ್ತು ಚರ್ಮದ ಕ್ಯಾನ್ಸರ್: ಗಾಳ ಹಾಕುವವರ ಗುಂಪಿನ ಪ್ರಶ್ನೆಗಳು, ಚರ್ಮತಜ್ಞೆ ಮತ್ತು ಟೂರ್ನಮೆಂಟ್ ತೀರ್ಪುಗಾರರ ಉತ್ತರಗಳು

ಪ್ರಶ್ನೆ: ಮೇಡಂ, ಟೂರ್ನಮೆಂಟ್ ದಿನ ಬೆಳಿಗ್ಗೆ 8ಕ್ಕೆ ಗಾಳ ಇಳಿಸಿದರೆ ಸಂಜೆ 4ಕ್ಕೇ ಎತ್ತುವುದು. ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಹಚ್ಚಿ ಟೋಪಿ ಹಾಕಿದರೂ ಮೂಗಿನ ಅಡಿ, ಗದ್ದದ ಕೆಳಗೆ, ಕೆಳತುಟಿ ಸುಟ್ಟು ಕೆಂಪಾಗುತ್ತವೆ. ಇನ್ನೂ ಜಾಸ್ತಿ ನಂಬರಿನದ್ದು ತಗೊಳ್ಳಬೇಕಾ?

ಚರ್ಮತಜ್ಞೆ: ನಂಬರ್ ಏರಿಸಿ ಹೆಚ್ಚು ಲಾಭವಿಲ್ಲ. ಎಸ್‌ಪಿಎಫ್ 30 ಸುಮಾರು ಶೇ 97ರಷ್ಟು ಯುವಿಬಿ (ಚರ್ಮ ಸುಡುವ ಅತಿನೇರಳೆ, ಅಂದರೆ ಯುವಿ ಕಿರಣ) ತಡೆಯುತ್ತದೆ, 50 ತಡೆಯುವುದು ಶೇ 98ರಷ್ಟು. ಅದೂ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಚ್ಚಿದರೆ ಮಾತ್ರ. ಸಾಮಾನ್ಯವಾಗಿ ಜನ ಹಚ್ಚುವುದು ಅದರ ಅರ್ಧ, ಇಲ್ಲವೇ ಅದಕ್ಕೂ ಕಡಿಮೆ. ಮುಖ, ಕಿವಿ, ಕುತ್ತಿಗೆಗೆ ಸೇರಿ ಒಂದು ಟೀ ಚಮಚ ಬೇಕು. ಕೈಗಳ ಹಿಂಬದಿ ಮತ್ತು ಪಾದಕ್ಕೆ ಇನ್ನೊಂದು. ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟ್ ಹಾಕಿದವರಿಗೇ ಒಂದು ಸಲಕ್ಕೆ 10 ಮಿ.ಲೀ. ಆಯಿತು. ಎರಡು ಗಂಟೆಗೊಮ್ಮೆ ಅಂದರೆ ದಿನಕ್ಕೆ ನಾಲ್ಕೈದು ಸಲ. 50 ಮಿ.ಲೀ. ಟ್ಯೂಬು ಒಬ್ಬರಿಗೆ ಒಂದೇ ದಿನಕ್ಕೆ ಮುಗಿಯಬೇಕು. ಅದೇ ಟ್ಯೂಬು ಮೂರು ದಿನ ಬಂತು ಅಂದರೆ ಹಚ್ಚಿದ್ದು ಸಾಲಲಿಲ್ಲ ಅಂತಲೇ ಅರ್ಥ.

ಗದ್ದದ ಕೆಳಗೆ ಸುಡುವುದಕ್ಕೆ ಕಾರಣ ಬೇರೆ. ಬರಿಯ ಸಮುದ್ರದ ನೀರು ಯುವಿಯಲ್ಲಿ ಶೇ 10ಕ್ಕಿಂತ ಕಡಿಮೆ ಭಾಗವನ್ನು ಮೇಲಕ್ಕೆ ತಿರುಗಿಸುತ್ತದೆ, ಆದರೆ ಬಿಳಿ ನೊರೆ ಶೇ 25ರಷ್ಟನ್ನು ತಿರುಗಿಸಬಲ್ಲದು. ಟ್ರೋಲಿಂಗ್ (ಓಡುವ ದೋಣಿಯ ಹಿಂದೆ ಗಾಳ ಎಳೆಯುವುದು) ಮಾಡುವವರು ಇಡೀ ದಿನ ದೋಣಿಯ ಹಿಂಬದಿಗೆ ಮುಖ ಮಾಡಿ, ಪ್ರೊಪೆಲ್ಲರ್ ಎಬ್ಬಿಸುವ ಆ ನೊರೆಯನ್ನೇ ನೋಡುತ್ತಾ ನಿಂತಿರುತ್ತಾರೆ. ಟೋಪಿಯ ಅಂಚು ಕೆಳಗಿನಿಂದ ಬರುವ ಬೆಳಕನ್ನು ತಡೆಯಲಾರದು. ಜೊತೆಗೆ ತೆರೆದ ಸಮುದ್ರದಲ್ಲಿ ಯುವಿಯ ದೊಡ್ಡ ಪಾಲು ನೇರ ಬಿಸಿಲಿನಿಂದಲ್ಲ, ಚದುರಿದ ಬೆಳಕಾಗಿ ಆಕಾಶದ ಎಲ್ಲ ಕಡೆಯಿಂದ ಬರುತ್ತದೆ. ಹಾಗಾಗಿ ಛಾವಣಿ ಕೆಳಗೆ ಕೂತರೂ ಪೂರ್ತಿ ನೆರಳಲ್ಲ. ತೆಳು ಮೋಡ ಇದ್ದ ದಿನವೂ ಬಹುಪಾಲು ಯುವಿ ಇಳಿದು ಬರುತ್ತದೆ. ಗಾಳಿ ಚರ್ಮವನ್ನು ತಂಪಾಗಿಡುವುದರಿಂದ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ.

ಪರಿಹಾರ ಬಟ್ಟೆ. ಯುಪಿಎಫ್ (ಬಟ್ಟೆ ಎಷ್ಟು ಯುವಿ ತಡೆಯುತ್ತದೆ ಎಂಬ ಅಳತೆ) 50 ಇರುವ ಬಟ್ಟೆ ಶೇ 2ರಷ್ಟು ಯುವಿ ಮಾತ್ರ ಒಳಬಿಡುತ್ತದೆ. ಅದು ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೆ ಮುಗಿದುಹೋಗುವುದಿಲ್ಲ. ತೆಳು ಬಿಳಿ ಹತ್ತಿ ಟಿ-ಶರ್ಟು ಒದ್ದೆಯಾಗಿ ಮೈಗೆ ಅಂಟಿದರೆ ಹೆಚ್ಚು ತಡೆಯುವುದಿಲ್ಲ. ಕುತ್ತಿಗೆಯಿಂದ ಮೂಗಿನವರೆಗೆ ಎಳೆದುಕೊಳ್ಳುವ ಗೈಟರ್, ಸುತ್ತಲೂ 7-8 ಸೆಂ.ಮೀ. ಅಂಚಿನ, ಗದ್ದಕ್ಕೆ ಪಟ್ಟಿ ಇರುವ ಟೋಪಿ ಇರಲಿ. ಬೇಸ್‌ಬಾಲ್ ಕ್ಯಾಪ್ ಬೇಡ. ಅದು ಕಿವಿಯನ್ನೂ ಕುತ್ತಿಗೆಯನ್ನೂ ಪೂರಾ ಬಿಟ್ಟುಬಿಡುತ್ತದೆ. ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಸನ್‌ಸ್ಕ್ರೀನ್. ತುಟಿಗೆ ಎಸ್‌ಪಿಎಫ್ 30ರ ಲಿಪ್ ಬಾಮ್, ನೀರು ಕುಡಿದಾಗಲೆಲ್ಲ ಮತ್ತೆ.

ಪ್ರಶ್ನೆ: ಎರಡು ಗಂಟೆಗೊಮ್ಮೆ ಅಂತೀರಿ. ಮೀನು ಕಚ್ಚಿದ ಮೇಲೆ ಮೂರು ಗಂಟೆ ಮೀನು ಎಳೆಯುವ ಕುರ್ಚಿಯಲ್ಲೇ ಕೂತರೆ? ಬೇರೆಯವರು ಮುಟ್ಟಿದರೆ ಮೀನು ಲೆಕ್ಕಕ್ಕೆ ಬರುವುದಿಲ್ಲವಲ್ಲ.

ತೀರ್ಪುಗಾರ: ಇದಕ್ಕೆ ನಾನು ಹೇಳುತ್ತೇನೆ. ಗಾಳ ಮೀನುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್‌ಎ ನಿಯಮದಲ್ಲಿ ಮೀನು ಕಚ್ಚಿದ ಕ್ಷಣದಿಂದ ಬೇರೆಯವರು ಮುಟ್ಟಬಾರದ್ದು ರಾಡ್, ರೀಲ್ ಮತ್ತು ದಾರ. ಹಿಡಿಯುವವರ ಮೈ ಮುಟ್ಟಬಾರದು ಅಂತಿಲ್ಲ. ಹಾರ್ನೆಸ್ (ರಾಡಿನ ಭಾರವನ್ನು ಮೈಗೆ ಹೊರಿಸುವ ಪಟ್ಟಿ) ಸರಿಪಡಿಸಲು, ಬದಲಿಸಲು ಕೂಡ ಇನ್ನೊಬ್ಬರಿಗೆ ಅವಕಾಶವಿದೆ. ಆದ್ದರಿಂದ ಸಹಾಯಕರು ಕುರ್ಚಿಯ ಹಿಂದೆ ನಿಂತು ಕುತ್ತಿಗೆ, ಕಿವಿಗೆ ಹಚ್ಚಬಹುದು. ಎಡವುವುದು ಒಂದೇ ಕಡೆ: ಮುಂದಿನಿಂದ ಕೈ ಚಾಚಿದಾಗ ಮೊಣಕೈ ರಾಡಿಗೆ ತಗಲುತ್ತದೆ. ಹಿಂದಿನಿಂದಲೇ ಹಚ್ಚಿ, ಅದೂ ಮೀನು ಆಳಕ್ಕಿಳಿದು ನಿಂತಾಗ. ಸ್ಥಳೀಯ ಟೂರ್ನಮೆಂಟುಗಳು ತಮ್ಮದೇ ನಿಯಮ ಸೇರಿಸಿರುತ್ತವೆ, ಹಿಂದಿನ ದಿನದ ಸಭೆಯಲ್ಲಿ ಕೇಳಿಕೊಳ್ಳಿ.

ಚರ್ಮತಜ್ಞೆ: ಹೋರಾಟದ ನಡುವೆ ಸ್ಟಿಕ್ ರೂಪದ್ದು ಒಳ್ಳೆಯದು. ಕಣ್ಣಿಗೆ ಇಳಿಯುವುದಿಲ್ಲ, ಅಂಗೈ ಜಾರುವುದಿಲ್ಲ. ಒಂದು ಜಾಗದ ಮೇಲೆ ನಾಲ್ಕು ಸಲ ಎಳೆಯಿರಿ. ಕ್ರೀಮ್ ಹಚ್ಚಿದವರು ರಾಡ್ ಹಿಡಿಯುವ ಮೊದಲು ಅಂಗೈಯನ್ನು ಸೋಪಿನಲ್ಲಿ ತೊಳೆಯಲಿ. ಇನ್ನೊಂದು ಎಚ್ಚರ: ಡೀಟ್ ಇರುವ ಸೊಳ್ಳೆ ಲೋಷನ್ ಕೆಲವು ಪ್ಲಾಸ್ಟಿಕ್‌ಗಳನ್ನು ಹಾಳುಮಾಡುತ್ತದೆ. ಕನ್ನಡಕ, ದಾರ ಎರಡಕ್ಕೂ ತಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಬೆರಳು ತೆರೆದ ಬಿಸಿಲಿನ ಗ್ಲೌಸ್ ಹಾಕಿಕೊಂಡೇ ಲೀಡರ್ (ಗಾಳದ ಹತ್ತಿರದ ದಪ್ಪ ದಾರ) ಹಿಡಿಯಬಹುದಾ?

ತೀರ್ಪುಗಾರ: ಖಂಡಿತ ಬೇಡ. ದಪ್ಪ ಲೀಡರ್ ಗ್ಲೌಸೇ ಬೇಕು. ತೆಳು ಬಟ್ಟೆಯ ಮೇಲೆ ಲೀಡರ್ ಸುತ್ತಿದರೆ ಅದು ಬಿಗಿದು ಕೈಗೆ ಕಚ್ಚುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ.

ಪ್ರಶ್ನೆ: ನಮ್ಮದು ಕಪ್ಪು ಚರ್ಮ. ನಮಗೂ ಚರ್ಮದ ಕ್ಯಾನ್ಸರ್ ಬರುತ್ತದಾ ಡಾಕ್ಟ್ರೇ?

ಚರ್ಮತಜ್ಞೆ: ಬಿಳಿ ಚರ್ಮದವರಿಗಿಂತ ಎಷ್ಟೋ ಕಡಿಮೆ, ಅದು ನಿಜ. ತೀರಾ ಕಪ್ಪು ಚರ್ಮದ ಮೇಲ್ಪದರ ಸುಮಾರು ಎಸ್‌ಪಿಎಫ್ 13ರಷ್ಟು ರಕ್ಷಣೆ ಕೊಡುತ್ತದೆ. ಆದರೆ ನನ್ನ ಚಿಂತೆ ಬೇರೆ. ಕಪ್ಪು ಚರ್ಮದವರಲ್ಲಿ ಮೆಲನೋಮಾ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಏಳುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಅದಕ್ಕೂ ಬಿಸಿಲಿಗೂ ಅಷ್ಟು ಸಂಬಂಧವಿಲ್ಲ. ನಮಗೆ ಬರುವುದಿಲ್ಲ ಅಂತ ಯಾರೂ ನೋಡಿಕೊಳ್ಳುವುದಿಲ್ಲ, ನೋಡುವಷ್ಟರಲ್ಲಿ ತಡವಾಗಿರುತ್ತದೆ. ಉಗುರಿನ ಉದ್ದಕ್ಕೆ ಹೊಸದಾಗಿ ಒಂದು ಕಪ್ಪು ಗೆರೆ ಬಂದು ಅಗಲವಾಗುತ್ತಿದ್ದರೆ, ಅದರ ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ, ರೀಲಿಗೆ ಸಿಕ್ಕಿ ಜಜ್ಜಿದ್ದು ಅಂತ ಬಿಡಬೇಡಿ. ಜಜ್ಜಿದ ರಕ್ತದ ಕಲೆ ಉಗುರು ಬೆಳೆದ ಹಾಗೆ ತುದಿಯ ಕಡೆ ಸರಿಯುತ್ತದೆ, ಬುಡದಲ್ಲಿ ತಿಳಿ ಉಗುರು ಕಾಣುತ್ತದೆ. ಈ ಗೆರೆ ಸರಿಯುವುದಿಲ್ಲ.

ಪ್ರಶ್ನೆ: ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಇದೆ, ಪ್ರವಾಸಕ್ಕೆ ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ಬರೆದಿದ್ದಾರೆ. ತೊಂದರೆ ಇದೆಯಾ?

ಚರ್ಮತಜ್ಞೆ: ಎರಡೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಮೊದಲನೆಯದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಸ್ಕ್ವಾಮಸ್ ಸೆಲ್ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚು ಕಂಡುಬಂದಿದೆ. ನೀವಾಗಿ ನಿಲ್ಲಿಸಬೇಡಿ. ಇಡೀ ದಿನ ಸಮುದ್ರದಲ್ಲಿ ಇರುತ್ತೇನೆ ಅಂತ ಬರೆದುಕೊಟ್ಟ ವೈದ್ಯರಿಗೆ ಹೇಳಿ, ಬದಲಿ ಕೇಳಿ.

ಪ್ರಶ್ನೆ: ಕಿವಿಯ ಮೇಲಂಚಿನಲ್ಲಿ ಒಂದು ತರಿ. ಹಕ್ಕಳೆ ಉದುರುತ್ತದೆ, ಮತ್ತೆ ಕಟ್ಟುತ್ತದೆ. ಎರಡು ತಿಂಗಳಾಯಿತು. ಟೂರ್ನಮೆಂಟ್‌ಗೆ ಆರು ವಾರ ಇದೆ, ಮುಗಿಸಿಕೊಂಡು ತೋರಿಸಿದರೆ ಆಗುತ್ತದಾ?

ಚರ್ಮತಜ್ಞೆ: ಕಾಯಬೇಡಿ, ಈ ವಾರವೇ ತೋರಿಸಿ. ನಾಲ್ಕು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ ತೋರಿಸಲೇಬೇಕು. ಅದು ಬರೀ ಆಕ್ಟಿನಿಕ್ ಕೆರಟೋಸಿಸ್ (ಬಿಸಿಲಿನಿಂದಾದ, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಒರಟು ಕಲೆ) ಇರಬಹುದು. ಬೆರಳಾಡಿಸಿದರೆ ಮರಳುಕಾಗದ ಮುಟ್ಟಿದ ಹಾಗಿರುತ್ತದೆ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ತೆಗೆದರೆ ಮುಗಿಯಿತು. ಬುಡ ಗಟ್ಟಿಯಾಗಿದ್ದರೆ, ಒತ್ತಿದರೆ ನೋಯುತ್ತಿದ್ದರೆ ಸ್ಕ್ವಾಮಸ್ ಸೆಲ್ ಅನುಮಾನ. ಕಿವಿ ಮತ್ತು ಕೆಳತುಟಿಯಲ್ಲಿ ಬಂದದ್ದು ಬೇರೆ ಜಾಗದ್ದಕ್ಕಿಂತ ಸುಲಭವಾಗಿ ಕುತ್ತಿಗೆಯ ಗ್ರಂಥಿಗೆ ಹರಡುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮುಲಾಮು ಹಚ್ಚಿ ನೋಡೋಣ ಅಂದುಕೊಳ್ಳಬೇಡಿ, ಬಯಾಪ್ಸಿ ಕೇಳಿ. ಮರಗಟ್ಟಿಸಿ ಸಣ್ಣ ತುಂಡು ತೆಗೆಯುತ್ತಾರೆ, ಕೆಲವೇ ನಿಮಿಷದ ಕೆಲಸ.

ಸಮಯದ ಲೆಕ್ಕವೂ ನಿಮ್ಮ ಕಡೆಗೇ ಇದೆ. ಕತ್ತರಿಸಿ ತೆಗೆಯಬೇಕಾಗಿ ಬಂದರೂ ಮುಖದ ಹೊಲಿಗೆ 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ. ಬೆನ್ನು, ಕೈಕಾಲಿನದ್ದು 10ರಿಂದ 14 ದಿನ, ಆಮೇಲೂ ಕೆಲವು ವಾರ ಹಾರ್ನೆಸ್ಸಿನ ಎಳೆತ ಬಿದ್ದರೆ ಗಾಯ ಬಾಯಿ ಬಿಡುತ್ತದೆ. ಕಿವಿಯದ್ದಾದ್ದರಿಂದ ನಿಮಗೆ ಹಾರ್ನೆಸ್ ತೊಂದರೆ ಇಲ್ಲ. ಹೋಗುವ ಮೊದಲು ಆ ತರಿಯ ಪಕ್ಕ ಅಳತೆಪಟ್ಟಿ ಇಟ್ಟು ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಹಕ್ಕಳೆ ಕೀಳಬೇಡಿ.