ತಂತಿ ಮೇಲೆ ಕುಂತ ಕಾಗೆಗೆ ನೆರಳೈತಿ, ತಂತಿಗ್ಯಾಕಿಲ್ಲ?

ಭಟ್ಟಿಮನೆ, ದಾವಣಗೆರೆ

ಎಲ್ರಿಗೂ ನಮಸ್ಕಾರ. ನಂದು ಮಂಡಕ್ಕಿ ಭಟ್ಟಿ ಕೆಲಸ, ಅಪ್ಪನ ಕಾಲದಿಂದ. ನೆನೆಸಿ ಬೇಯಿಸಿದ ಭತ್ತನ ಕಣದಾಗ ಹರವಿ, ಆಗಾಗ ಕಾಲಿಂದ ಸಾಲು ಎಳಕೊಂತ ತಿರುವಬೇಕು. ಅಂದ್ರೆ ದಿನಾ ನಾಲ್ಕೈದು ತಾಸು ತಲೆ ಬಗ್ಗಿಸಿ ನೆಲ ನೋಡೋದೇ ನನ್ನ ಉದ್ಯೋಗ. ಹಂಗಾಗಿ ಕಾಗೆ ಬಂದ್ರೆ ನಾನು ಮ್ಯಾಲೆ ನೋಡಲ್ಲ, ಭತ್ತದ ಮ್ಯಾಲೆ ನೆರಳು ನೋಡ್ತೀನಿ.

ಕಣದ ಮ್ಯಾಲೆ ಮೂರು ಕರೆಂಟ್ ತಂತಿ ಹಾದಾವೆ. ನಾಲ್ಕಾಳೆತ್ತರ ಇರಬೇಕು. ಮೊನ್ನೆ ಬೆಳಿಗ್ಗೆ ಭತ್ತದ ಮ್ಯಾಲೆ ಕಪ್ಪಗೆ ಮೂರು ನೆರಳು, ಮಿಸುಕಾಡ್ತಿಲ್ಲ. "ಮಾವ, ತಂತಿ ಮ್ಯಾಲೆ ಕಾಗೆ ಕುಂತಾವೆ" ಅಂದೆ. ನಮ್ಮ ಮಾವ ನನಗಿಂತ ಕಿಲಾಡಿ. "ಎಲ್ಲಿ ಕುಂತಾವೋ ಅಳಿಯಾ? ಕುಂತಿದ್ರೆ ತಂತಿ ನೆರಳೂ ಬೀಳಬೇಕಲ್ಲ" ಅಂದ್ರು. ಬಗ್ಗಿ ನೋಡಿದೆ. ಹೌದು, ಕಾಗೆ ನೆರಳು ಮೂರೂ ಗಾಳಿಯಾಗ ನಿಂತಂಗದಾವೆ, ಕಾಲ ಕೆಳಗೆ ಒಂದು ಗೆರೆ ಸೈತ ಇಲ್ಲ. ಮಿರ್ಚಿ ಪಂದ್ಯ ಕಟ್ಟಿದ್ವಿ. (ಮಂಡಕ್ಕಿ ನಮ್ಮದೇ ಐತಿ, ಮಿರ್ಚಿ ಒಂದೇ ಖರ್ಚು.) ತಲೆ ಎತ್ತಿ ನೋಡಿದ್ರೆ ಕಾಗೆ ಕುಂತೇ ಇದ್ವು.

ಗೆದ್ದೆ ಅಂದ್ಕೊಂಡ್ರೆ ಮಾವ ಬಿಡವಲ್ರು. "ತಂತಿ ನೆರಳು ಎಲ್ಲಿ ಹೋತು ಹೇಳು, ಆಮ್ಯಾಲೆ ಮಿರ್ಚಿ" ಅಂತಾರೆ. ಇನ್ನೊಂದು ವಿಚಿತ್ರ ಅಂದ್ರೆ, ಕಣದ ಬದಿಗೆ ನಡದೆತ್ತರಕ್ಕೆ ಚೀಲ ಒಣಹಾಕೋ ಹಗ್ಗ ಕಟ್ಟೀವಿ. ತಂತಿಗಿಂತ ಸಣ್ಣದು. ಅದರ ನೆರಳು ಮಾತ್ರ ನೆಲದ ಮ್ಯಾಲೆ ಗೆರೆ ಎಳೆದಂಗೆ ಕಾಣ್ತೈತಿ. ಇದು ಹೆಂಗೆ? ಗೊತ್ತಿದ್ದೋರು ಹೇಳ್ರಿ.

ಬೆಣ್ಣೆದೋಸೆ ಭಕ್ತ

ಕರೆಂಟ್ ಹರಿಯೋ ತಂತಿಗೆ ನೆರಳು ಬೀಳಲ್ಲ ಅಂತ ಎಲ್ಲೋ ಕೇಳಿದ್ದೆ ಬ್ರದರ್. ಅಯಸ್ಕಾಂತದ ಎಫೆಕ್ಟ್ ಇರಬೇಕು.

ಭಟ್ಟಿಮನೆ, ದಾವಣಗೆರೆ

ಹೋದ ವಾರ ಬೆಳಿಗ್ಗೆಯಿಂದ ಮೂರು ಗಂಟೆ ತನಕ ಕರೆಂಟೇ ಇರಲಿಲ್ಲ. ಆವತ್ತೂ ತಂತಿ ನೆರಳು ಕಾಣ್ಲಿಲ್ಲ ಸ್ವಾಮಿ.

ದುರ್ಗದ ಮೇಷ್ಟ್ರು

ಕರೆಂಟ್ ಹೋದಾಗಲೂ ನೋಡಿದ್ರಲ್ಲ, ಅಲ್ಲಿಗೇ ಅರ್ಧ ವಿಜ್ಞಾನ ಮುಗೀತು. ಮೂವತ್ತು ವರ್ಷ ಹೈಸ್ಕೂಲಲ್ಲಿ ನೆರಳಿನ ಪಾಠ ಮಾಡಿದೀನಿ, ಈ ಕಾಗೆ ಪ್ರಶ್ನೆ ಒಬ್ಬ ಹುಡುಗನೂ ಕೇಳಿರಲಿಲ್ಲ.

ನಿಮ್ಮ ಭತ್ತದ ಕಾಳಿನ ಮೇಲೆ ಒಂದು ಇರುವೆ ಕೂತಿದೆ ಅಂತಿಟ್ಕೊಳ್ಳಿ. ಅದು ಮೇಲೆ ನೋಡುತ್ತೆ. ಕಾಗೆಯ ನೆರಳೊಳಗೆ ಕೂತಿದ್ರೆ ಅದಕ್ಕೆ ಸೂರ್ಯ ಕಾಣೋದೇ ಇಲ್ಲ, ಕಾಗೆಯ ಹೊಟ್ಟೆ ಪೂರ್ತಿ ಮುಚ್ಚಿಬಿಟ್ಟಿರುತ್ತೆ. ಅದೇ ಇರುವೆ ಎರಡು ಗೇಣು ಆಚೆ, ತಂತಿಯ ನೇರಕ್ಕೆ ಹೋಗಿ ನೋಡಿದ್ರೆ? ಸೂರ್ಯನ ಬಿಲ್ಲೆಯ ಮೇಲೆ ಅಡ್ಡಲಾಗಿ ಒಂದು ಕರೀ ನೂಲು ಕಾಣುತ್ತೆ, ಅಷ್ಟೇ. ನೂಲಿನ ಆಚೆ ಈಚೆ ಸೂರ್ಯ ಧಾರಾಳವಾಗಿ ಉಳಿದಿರ್ತಾನೆ. ಬಿಸಿಲು ಬರ್ತಾನೇ ಇದ್ದ ಮೇಲೆ ಕಪ್ಪು ನೆರಳು ಎಲ್ಲಿಂದ ಬರಬೇಕು?

ಎಲ್ಲಕ್ಕೂ ಕಾರಣ ಸೂರ್ಯ ಒಂದು ಚುಕ್ಕಿ ಅಲ್ಲ ಅನ್ನೋದು. ನಮ್ಮ ಕಣ್ಣಿಗೆ ಅವನು ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಯಾವ ವಸ್ತುವಾದರೂ ತನ್ನ ಅಗಲದ ಸುಮಾರು 107 ಪಟ್ಟು ದೂರದವರೆಗೆ ಮಾತ್ರ ಸೂರ್ಯನನ್ನ ಪೂರ್ತಿ ಮುಚ್ಚಬಲ್ಲದು. ಅಷ್ಟು ದೂರ ದಟ್ಟನೆರಳು. ಅದರಾಚೆ ಬರೀ ಅರೆನೆರಳು. ನೆನಪಿಗೆ ಜಪಮಾಲೆಯ 108 ಇಟ್ಕೊಳ್ಳಿ, ಲೆಕ್ಕಕ್ಕೆ ಸಾಕು. (ಇದರಿಂದ ಪುರಾಣ ಹೆಣೆಯೋಕೆ ಮಾತ್ರ ಹೋಗಬೇಡಿ.)

ಈಗ ಲೆಕ್ಕ ಹಾಕಿ. ತಂತಿ 8 ಮಿಲಿಮೀಟರ್ ದಪ್ಪ ಅಂದ್ರೆ ಅದರ ದಟ್ಟನೆರಳು 85 ಸೆಂಟಿಮೀಟರ್ ಇಳಿಯೋದ್ರೊಳಗೆ ಚೂಪಾಗಿ ಮುಗಿದುಹೋಗುತ್ತೆ. ನಿಮ್ಮ ಕಣ ಇರೋದು ಅದಕ್ಕಿಂತ ಎಷ್ಟೋ ಕೆಳಗೆ. ಕಾಗೆಯ ಮೈ 12 ಸೆಂಟಿಮೀಟರ್ ಅಗಲ ಅಂದ್ರೂ ದಟ್ಟನೆರಳು ಹದಿಮೂರು ಮೀಟರ್ ಹತ್ತಿರ ಹೋಗುತ್ತೆ, ಆರಾಮಾಗಿ ನೆಲ ಮುಟ್ಟುತ್ತೆ. ಹಗ್ಗ ಸಣ್ಣದೇ, ಆದರೆ ನೆಲಕ್ಕೆ ಹತ್ತಿರ. ಅದರ ದಟ್ಟನೆರಳು ನೆಲಕ್ಕೆ ಮುಟ್ಟದೆ ಹೋದರೂ ಅಲ್ಲಿಂದ ನೋಡಿದ್ರೆ ಸೂರ್ಯನ ಬಹುಭಾಗ ಮರೆಯಾಗಿರುತ್ತೆ, ಅದಕ್ಕೇ ಗೆರೆ.

ತಂತಿಗೆ ನೆರಳೇ ಇಲ್ಲ ಅಂತಲ್ಲ, ಇದೆ. ಏಳು ಮೀಟರ್ ಕೆಳಗೆ ಅದು ನಾಲ್ಕು ಬೆರಳಗಲ ಹರಡಿಕೊಂಡಿರುತ್ತೆ. ಅದರ ನಟ್ಟನಡುವೆಯೂ ಬಿಸಿಲು ಕಡಿಮೆಯಾಗೋದು ನೂರಕ್ಕೆ ಹದಿನೈದು ಪಾಲು. ಉಬ್ಬುತಗ್ಗಿನ ಭತ್ತದ ಮೇಲೆ ಅದನ್ನ ಹುಡುಕೋದು ಕಷ್ಟ. ನುಣ್ಣನೆ ಬಿಳಿ ಬಟ್ಟೆ ಹಾಸಿ ನೋಡಿ.

ಇದನ್ನ ಬರೀತಾ ಒಂದು ನೆನಪು ಬಂತು. 1980ರ ಫೆಬ್ರವರಿ 16, ನಾನು ಎಂಟನೇ ಕ್ಲಾಸು. ಅವತ್ತು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆ ಖಗ್ರಾಸ ಗ್ರಹಣ. ದುರ್ಗದಲ್ಲಿ ಪೂರ್ತಿ ಇರಲಿಲ್ಲ, ಆದರೂ ಅಜ್ಜಿ ಎಲ್ಲರನ್ನೂ ನಡುಮನೆಗೆ ತಳ್ಳಿ ಅಗುಳಿ ಹಾಕಿತು. ನೀರಿನ ಗಡಿಗೆಗೆಲ್ಲ ದರ್ಬೆ. ನಮ್ಮದು ಹೆಂಚಿನ ಮನೆ, ಒಂದು ಹೆಂಚು ಒಡೆದಿತ್ತು. ಆ ಕಿಂಡಿಯಿಂದ ದಿನಾ ಮಧ್ಯಾಹ್ನ ಗೋಡೆ ಮೇಲೆ ಎಂಟಾಣೆಯಷ್ಟು ದುಂಡನೆ ಬಿಸಿಲು ಬೀಳ್ತಿತ್ತು. ಕಿಂಡಿ ಅಂಕುಡೊಂಕು, ಬಿಸಿಲು ಮಾತ್ರ ದುಂಡಗೆ. ಅವತ್ತು ಎರಡೂವರೆ ಹೊತ್ತಿಗೆ ಆ ಬಿಲ್ಲೆಯನ್ನ ಯಾರೋ ಒಂದು ಕಡೆಯಿಂದ ಕಚ್ಚಿದ ಹಾಗಾಯ್ತು. ನೋಡ್ತಾ ನೋಡ್ತಾ ಕುಡುಗೋಲಾಯ್ತು. ಅಜ್ಜಿ ಗ್ರಹಣವನ್ನ ಬಾಗಿಲಾಚೆ ನಿಲ್ಲಿಸಿದ್ರೆ ಅದು ಹೆಂಚಿನ ತೂತಿನಿಂದ ಇಳಿದು ಗೋಡೆ ಮೇಲೆ ಕೂತಿತ್ತು! ಆ ಬಿಲ್ಲೆ ಕಿಂಡಿಯ ಆಕಾರ ಅಲ್ಲ, ಸೂರ್ಯನ ಬಿಂಬ ಅಂತ ತಿಳಿಯೋಕೆ ನನಗೆ ಮತ್ತೆ ನಾಲ್ಕು ವರ್ಷ ಬೇಕಾಯ್ತು. ಹೊಂಗೆ ಮರದ ಕೆಳಗೆ ಬೀಳೋ ದುಂಡು ದುಂಡು ಬಿಸಿಲೂ ಅದೇ.

ಗ್ರಹಣಕ್ಕೂ ನಿಮ್ಮ ತಂತಿಗೂ ಏನು ಸಂಬಂಧ ಅಂದ್ರೆ, ಚಂದ್ರನ ದಟ್ಟನೆರಳೂ ಹೀಗೇ ಚೂಪಾಗ್ತಾ ಬಂದು ಭೂಮಿಯ ಹತ್ತಿರ ಹತ್ತಿರವೇ ಮುಗಿಯುತ್ತೆ. 1980ರಲ್ಲಿ ಅದು ನೆಲ ಮುಟ್ಟಿತು, ಖಗ್ರಾಸ. 2019ರ ಡಿಸೆಂಬರ್ 26ಕ್ಕೆ ಚಂದ್ರ ಸ್ವಲ್ಪ ದೂರ ಇದ್ದ, ನೆರಳಿನ ತುದಿ ನೆಲ ಮುಟ್ಟಲಿಲ್ಲ. ಮಂಗಳೂರು, ಕೊಡಗಿನವರಿಗೆ ಸೂರ್ಯ ಬಳೆಯಾಗಿ ಕಂಡ. ಅಂದ್ರೆ 1980ರಲ್ಲಿ ಚಂದ್ರ ಕಾಗೆ, 2019ರಲ್ಲಿ ತಂತಿ.

ಪಿ.ಬಿ. ರೋಡ್ ಸ್ಟುಡಿಯೋ

ಮೇಷ್ಟ್ರು ಹೇಳಿದ್ದು ನಮಗೆ ದಿನದ ಕೆಲಸ. ಪಾಸ್‌ಪೋರ್ಟ್ ಫೋಟೋದಲ್ಲಿ ಮೂಗಿನ ನೆರಳು ಕತ್ತಿ ಥರ ಬಿದ್ರೆ ಗಿರಾಕಿ ಬೈತಾರೆ, ಅದಕ್ಕೇ ಲೈಟಿನ ಮುಂದೆ ಅಗಲದ ಬಿಳಿ ಬಟ್ಟೆ ಕಟ್ತೀವಿ. ಮನೇಲಿ ಉದ್ದನೆ ಟ್ಯೂಬ್‌ಲೈಟ್ ಇದ್ರೆ ರಾತ್ರಿ ಒಂದು ಆಟ ಆಡಿ. ಅದರ ಕೆಳಗೆ, ಮೇಜಿನಿಂದ ಒಂದು ಗೇಣು ಮೇಲೆ ಪೆನ್ನು ಹಿಡೀರಿ. ಟ್ಯೂಬಿನ ಉದ್ದಕ್ಕೇ ಹಿಡಿದ್ರೆ ನೆರಳು ಚೆನ್ನಾಗಿ ಕಾಣುತ್ತೆ. ಅಡ್ಡ ತಿರುಗಿಸಿ, ಕರಗಿಹೋಗುತ್ತೆ. ಅದೇ ಪೆನ್ನು, ಅದೇ ಲೈಟು.

ಚಳ್ಳಕೆರೆ ಶೇಂಗಾ

ಇದೆಲ್ಲ ಸರಿ. ನಮ್ಮ ಹೊಲದಾಗೆ ದಿನಾ ಮಧ್ಯಾಹ್ನ 12ಕ್ಕೆ ನೆರಳು ಕಾಲಡಿಗೆ ಬಂದು ಮಾಯ ಆಗ್ತೈತೆ. ಅದಕ್ಕೆ ಯಾವ ಲೆಕ್ಕ?

ದುರ್ಗದ ಮೇಷ್ಟ್ರು

ದಿನಾ ಆಗಲ್ಲಪ್ಪ. ಹತ್ತಡಿ ಗಳ ನೆಟ್ಟು ನೋಡು. ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಉತ್ತರಕ್ಕೆ ಏಳೂವರೆ ಅಡಿಗಿಂತ ಉದ್ದ ನೆರಳು ಬೀಳುತ್ತೆ. ಜೂನ್‌ನಲ್ಲಿ ದಕ್ಷಿಣಕ್ಕೆ ಒಂದೂವರೆ ಅಡಿ. ನಮ್ಮ ಈ ಸೀಮೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರೋದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 28-29ರ ಆಸುಪಾಸು ಮತ್ತೆ ಆಗಸ್ಟ್ 13-14ರ ಆಸುಪಾಸು. ಅದೂ 12ಕ್ಕಲ್ಲ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ನಾವಿರೋದು ಅದಕ್ಕಿಂತ ಆರು ಡಿಗ್ರಿ ಪಶ್ಚಿಮಕ್ಕೆ. ಏಪ್ರಿಲ್‌ನಲ್ಲಿ ದುರ್ಗದಲ್ಲಿ 12.22ರ ಹೊತ್ತಿಗೆ, ದಾವಣಗೆರೆಯಲ್ಲಿ 12.24ಕ್ಕೆ ನೋಡಬೇಕು. ಆಗಸ್ಟ್‌ನಲ್ಲಿ ಮೋಡ ಇರುತ್ತೆ, ಏಪ್ರಿಲ್ಲೇ ವಾಸಿ.

ಭಟ್ಟಿಮನೆ, ದಾವಣಗೆರೆ

ಮೇಷ್ಟ್ರೇ, ಇವತ್ತು ಮಾಡಿ ನೋಡಿದ್ವಿ.

ಮೊದಲು ಪೊರಕೆ ಕಡ್ಡಿ. ಬಿಳಿ ಹಾಳೆ ಮ್ಯಾಲೆ ನಾಲ್ಕು ಬೆರಳು ಎತ್ತರ ಹಿಡಿದ್ರೆ ಕರ್ರಗೆ ಗೆರೆ. ಗೇಣೆತ್ತರಕ್ಕೆ ಬಂತು ಅಂದ್ರೆ ಬೂದಿ ಬಣ್ಣ. ಮೊಳದೆತ್ತರಕ್ಕೆ ಹೊಗೆಯಂಗೆ. ಎದೆಮಟ್ಟ ಎತ್ತಿದಾಗ ಮಾವ ಹಾಳೆಗೆ ಮೂಗು ತಾಗಿಸಿ ಕುಂತ್ರೂ ಸಿಗಲಿಲ್ಲ.

ಆಮ್ಯಾಲೆ ಮಾವನ ಬಿಳಿ ಪಂಚೇನೇ ಕಣದ ಮ್ಯಾಲೆ ಹಾಸಿದ್ವಿ. ಮೊದಲು ಏನೂ ಕಾಣಲಿಲ್ಲ. "ನಿನ್ನ ಮೇಷ್ಟ್ರು ಪಂಚೆ ಹೊಲಸು ಮಾಡಿಸಿದ್ರು" ಅಂತ ಮಾವ ಶುರು ಹಚ್ಕೊಂಡ್ರು. ಅಷ್ಟರಾಗ ಗಾಳಿ ಬೀಸ್ತು, ತಂತಿ ಓಲಾಡಿದ್ವು ನೋಡ್ರಿ, ಪಂಚೆ ಮ್ಯಾಲೆ ಮಾಸಲು ಪಟ್ಟಿ ಒಂದು ಅತ್ತ ಇತ್ತ ಆಡ್ತು. ನಿಂತಿದ್ದಾಗ ಕಾಣ್ದಿದ್ದು ಆಡಿದಾಗ ಕಂಡ್ತು. ಒಮ್ಮೆ ಕಂಡ ಮ್ಯಾಲೆ ಗಾಳಿ ನಿಂತ್ರೂ ಕಾಣ್ತಿತ್ತು. ಅಳೆದೆ, ಸರಿಯಾಗಿ ನಾಲ್ಕು ಬೆರಳು. ಪಂಚೆ ಸರಿಸಿದಂಗೆ ಇನ್ನೆರಡೂ ಸಿಕ್ಕುವು.

ಮಾವ ಹತ್ತು ನಿಮಿಷ ಮಾತಾಡಲಿಲ್ಲ. ಆಮ್ಯಾಲೆ ಒಂದು ಕಾಗೆ ಬಂದು ನಡುವಿನ ತಂತಿ ಮ್ಯಾಲೆ ಕುಂತಿತು. ಅದರ ಕರೀ ನೆರಳು ಸರಿಯಾಗಿ ಆ ಮಾಸಲು ಪಟ್ಟಿ ಮ್ಯಾಲೆ ಬಂದು ನಿಂತಿತು. ಆಗ ಎದ್ದು ಪಂಚೆ ಝಾಡಿಸಿ, "ಎಷ್ಟು ಮಿರ್ಚಿ ಬೇಕೋ?" ಅಂದ್ರು.

ನಾಲ್ಕು ಅಂದೆ.