ಸೊಂಟದ ಕೀಲು: ಕೊರೆಸಬೇಕೋ, ಬದಲಿಸಬೇಕೋ?

ಹೊಸನಗರದ ಅಕ್ಕ: ಚರ್ಮದ ಕಾಯಿಲೆಗೆಂದು ಬಹುಕಾಲ ಸ್ಟೀರಾಯ್ಡ್ ನುಂಗಿದ ನನ್ನ ತಮ್ಮನಿಗೆ (34 ವರ್ಷ) ಬಲಸೊಂಟದಲ್ಲಿ ಎವಿಎನ್ (ರಕ್ತ ಹರಿಯದೆ ಮೂಳೆ ಸಾಯುವ ಕಾಯಿಲೆ) ಎರಡನೆಯ ಹಂತದಲ್ಲಿದೆ. ಮೂಳೆ ಕೊರೆದು ಒಳಗಿನ ಒತ್ತಡ ಇಳಿಸುವ ಕೋರ್ ಡಿಕಂಪ್ರೆಷನ್ ಮಾಡಿಸಬೇಕೋ, ಕೀಲು ಬದಲಿಸುವವರೆಗೆ ಕಾಯಬೇಕೋ? ಅನುಭವವಿದ್ದವರು ತಿಳಿಸಿ.

ತೀರ್ಥಹಳ್ಳಿಯ ತೋಟಗಾರ: ನಾನು ಕೊರೆಸಿಕೊಂಡವನು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಮಳೆಗಾಲ ಪೂರ್ತಿ ಸಯಾಟಿಕಾದ (ಸೊಂಟದಿಂದ ಕಾಲಿಗಿಳಿಯುವ ನರನೋವಿನ) ಗುಳಿಗೆ ನುಂಗಿಸಿದರು. ಕೊನೆಗೆ ಎಂಆರ್‌ಐ ಮಾಡಿಸಿ, ತೊಡೆಮೂಳೆಯ ಚೆಂಡು ಇನ್ನೂ ಕುಸಿದಿಲ್ಲವೆಂದು ಕೊರೆದು ಒತ್ತಡ ಇಳಿಸಿದರು. ಎಂಆರ್‌ಐಗೆ 7,500, ಶಸ್ತ್ರಕ್ರಿಯೆಗೆ 85,000, ಊರುಗೋಲಿಗೆ 900 ರೂಪಾಯಿ, ಶಿವಮೊಗ್ಗಕ್ಕೆ ಹೋಗಿಬರುವ ಕಾರಿನ ಬಾಡಿಗೆ ಬೇರೆ. ಮರುವರ್ಷವೇ ಚೆಂಡು ಕುಸಿಯಿತು. ಬೆಟ್ಟೆ ಅಡಿಕೆ ಮಾರಿದ 2,20,000 ರೂಪಾಯಿ ಹೊಸ ಕೀಲಿಗೆ ಹೋಯಿತು. ಮೊದಲನೆಯದು ಶುದ್ಧ ದಂಡ.

ಶಿವಮೊಗ್ಗದ ಶಿಕ್ಷಕಿ: ದಂಡವೆಂದು ಸಾರಬೇಡಿ. ನಮ್ಮ ಮನೆಯವರಿಗೂ ಅದೇ ಹಂತದಲ್ಲಿ ಕೊರೆಸಿದೆವು. ಹೇಳಿದಷ್ಟು ಕಾಲ ಅವರು ಕಾಲೂರಲಿಲ್ಲ, ಕುಡಿತವನ್ನೂ ಬಿಟ್ಟರು, ಇಂದಿಗೂ ಸ್ವಂತ ಕೀಲಿನಲ್ಲೇ ನಡೆಯುತ್ತಿದ್ದಾರೆ. ತಾವು ಎಷ್ಟು ಬೇಗ ತೋಟಕ್ಕಿಳಿದಿರಿ ಎಂಬುದನ್ನು ಮಾತ್ರ ಬರೆದಿಲ್ಲ. ಅಂದಹಾಗೆ, ತಮ್ಮನಿಗೆ ಗದ್ದೆಯ ಏಡಿ ತಿನ್ನಲು ಕೊಡಬೇಡಿ. ಸಾಗರದ ಕಡೆ ಸೊಂಟದ ಕೀಲು ಸವೆಸುವ ಹಂದಿಗೋಡು ಕಾಯಿಲೆ ಬಂದದ್ದೇ ಅದರಿಂದ.

ಸಾಗರದವನು: ಮೇಡಂ, ಈ ಏಡಿಯ ಕಥೆಯನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. 1975ರ ಸುಮಾರಿಗೆ ಹಂದಿಗೋಡಿನಲ್ಲಿ ಕಾಯಿಲೆ ಬೆಳಕಿಗೆ ಬಂದಾಗ ಕೀಟನಾಶಕವನ್ನೂ ಏಡಿಯನ್ನೂ ಶಂಕಿಸಿದ್ದು ನಿಜ. ಆದರೆ ಅದು ವಂಶವಾಹಿಯಿಂದ ಬರುವ ಮೂಳೆರೋಗವೆಂದು, ಪೀಡಿತ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡ 50 ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ನನ್ನ ತಾಯಿ ಎರಡೂ ಸೊಂಟ ಸವೆದು ಕುಕ್ಕರಗಾಲಿನಲ್ಲೇ ಅಂಗಳ ದಾಟುತ್ತಿದ್ದರು. ಏಡಿಯನ್ನು ಮುಟ್ಟದ ತಂಗಿಗೂ ಅದೇ ಬಂತು, ಆದರೂ ನೆಂಟರು ನಮ್ಮ ಅಡುಗೆಮನೆಯನ್ನೇ ದೂರಿದರು. ರಕ್ತ ಹರಿಯದೆ ಮೂಳೆ ಸಾಯುವ ಎವಿಎನ್ ಬೇರೆ, ಇದು ಬೇರೆ.

ಶಿಕ್ಷಕಿ: ಏಡಿಯ ಮಾತು ಬಿಡಿ. ತೋಟಗಾರರು ಇನ್ನೂ ಉತ್ತರಿಸಿಲ್ಲ.

ತೋಟಗಾರ: ಉತ್ತರ ಬೇಕೇ? ನಾನು ಮಂಚ ಬಿಟ್ಟು ಇಳಿಯದೆ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವವರೂ ಸಿಗದೆ ಅರ್ಧ ತೋಟಕ್ಕೆ ಕೊಳೆರೋಗ ತಗುಲಿತು. ಅದರ ನಷ್ಟವನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.